ಶಾಲೆಯಲ್ಲಿ ಮಗುವಿನ ಪರ ನಿಲ್ಲುವುದು ಹೇಗೆ? ವಿಶೇಷ ಶಿಕ್ಷಣ ಬೇಕಿರುವ ಮಕ್ಕಳ ಅಪ್ಪ-ಅಮ್ಮನಿಗೆ ಮಾರ್ಗದರ್ಶಿ

"ಕ್ಲಾಸಲ್ಲಿ ಗಮನ ಇರಲ್ಲ, ಮನೇಲಿ ಸ್ವಲ್ಪ ಓದಿಸಿ." ಟೀಚರ್ ಹೀಗೆ ಹೇಳಿದ ಕೂಡಲೇ ನಾವು "ಆಯ್ತು ಮೇಡಂ" ಅಂದು ಎದ್ದು ಬಂದುಬಿಡುತ್ತೇವೆ. ಏನು ಓದಿಸಬೇಕು, ಹೇಗೆ ಓದಿಸಬೇಕು, ಗಮನ ಇಲ್ಲ ಅಂದರೆ ನಿಜಕ್ಕೂ ಏನಾಗುತ್ತಿದೆ ಅಂತ ಕೇಳಿರುವುದಿಲ್ಲ. ಮುಂದಿನ ಸಲವೂ ಅದೇ ಮಾತು, ಅದೇ ಉತ್ತರ. ಹೀಗೇ ಒಂದು ವರ್ಷ ಜಾರಿಹೋಗುತ್ತದೆ.

ಈ ಸುತ್ತಿನಿಂದ ಹೊರಬರಲು ಜೋರು ದನಿ ಬೇಕಿಲ್ಲ. ಮನಸ್ಸಿನಲ್ಲಿರುವ ಆತಂಕವನ್ನು ಒಂದು ಸ್ಪಷ್ಟ ಬೇಡಿಕೆ ಮಾಡಿಕೊಳ್ಳಬೇಕು. "ಆಗುತ್ತೆ" ಅಥವಾ "ಆಗಲ್ಲ" ಅಂತ ಉತ್ತರ ಹೇಳಬಹುದಾದಷ್ಟು ಸ್ಪಷ್ಟವಾಗಿರಬೇಕು. ಅದನ್ನು ಬರೆದು ಕೊಡಬೇಕು, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಆಟಿಸಂ, ಡಿಸ್ಲೆಕ್ಸಿಯಾ (ಓದು-ಬರಹದ ತೊಂದರೆ), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಕಿವಿ ಕೇಳಿಸದಿರುವುದು, ನಡೆಯಲು ಕಷ್ಟ, ಏನೇ ಇರಲಿ, ಕೆಲಸ ಸಾಗುವ ಕ್ರಮ ಹೆಚ್ಚುಕಮ್ಮಿ ಇದೇ.

1. ಮೊದಲು ಒಂದು ನೋಟ್‌ಬುಕ್

ಶಾಲೆಗೆ ಹೋಗುವ ಮುಂಚೆ ಎರಡು ವಾರ ಸುಮ್ನೆ ನೋಡಿ, ಬರೆದಿಡಿ. ಹೇಗೆ ಬರೆಯುತ್ತೀರಿ ಅನ್ನುವುದು ಇಲ್ಲಿ ಮುಖ್ಯ. "ಇವತ್ತೂ ಬರೆಯೋಕೆ ಹಠ ಮಾಡಿದ" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆದು ನೋಡಿ:

"ಮಂಗಳವಾರ ಸಂಜೆ. ಐದು ಸಾಲು ನೋಡಿ ಬರೆಯಲು 40 ನಿಮಿಷ. ಎರಡನೇ ಸಾಲಿಗೇ ಬೆರಳು ನೋವು ಅಂದ. ಅದೇ ಪಾಠದ 8 ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದೆ. 7ಕ್ಕೆ ಸರಿಯಾದ ಉತ್ತರ ಹೇಳಿದ."

ಹುಡುಗನಿಗೆ ಪಾಠ ಬರುತ್ತದೆ, ಬರೆಯುವುದೇ ಕಷ್ಟ ಅಂತ ಇದನ್ನು ಓದಿದವರಿಗೆ ತಾನಾಗೇ ಗೊತ್ತಾಗುತ್ತದೆ. ಬೇಡಿಕೆಯೂ ಇದರಲ್ಲೇ ಇದೆ: ಬೋರ್ಡಿನಿಂದ ನೋಡಿ ಬರೆಯುವುದು ಕಡಿಮೆ ಮಾಡಿ, ಕೆಲವು ಉತ್ತರಗಳನ್ನು ಬಾಯಲ್ಲಿ ತಗೊಳ್ಳಿ. ಸೋಮಾರಿತನ, ಹಠ, ಮೊಂಡು ಅನ್ನುವ ಮಾತುಗಳು ನೋಟ್‌ಬುಕ್ಕಿಗೆ ಬರಲೇಬಾರದು. ಏನು ಕೆಲಸ, ಎಷ್ಟು ಹೊತ್ತು, ಎಲ್ಲಿ ನಿಂತಿತು, ಏನು ಮಾಡಿದಾಗ ಮುಂದೆ ಹೋಯಿತು, ಇಷ್ಟು ಸಾಕು. ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ. ಮಗುವಿಗೆ ಏನು ಬರಲ್ಲ ಅಂತ ಹೇಳುವವರು ಶಾಲೆಯಲ್ಲಿ ಬೇಕಾದಷ್ಟು ಜನ ಇರುತ್ತಾರೆ.

ಜತೆಗೆ ಒಂದು ಫೈಲ್ ಮಾಡಿ. ರಿಪೋರ್ಟುಗಳು, ಅಂಕಪಟ್ಟಿ, ಶಾಲೆಯಿಂದ ಬಂದ ಪತ್ರಗಳು, ಮಗುವಿನ ಬರವಣಿಗೆಯ ಕೆಲವು ಹಾಳೆಗಳು, ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ. ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ.

2. ಅಸೆಸ್‌ಮೆಂಟ್ ಕೇಳುವುದು, ರಿಪೋರ್ಟ್ ಓದುವುದು

ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದು. ಕಿವಿ ಸರಿಯಾಗಿ ಕೇಳಿಸದ ಮಗುವಿಗೆ "ಗಮನ ಇಲ್ಲ" ಅನ್ನುವ ಹಣೆಪಟ್ಟಿ ಬೀಳುವುದು ಹೊಸದೇನಲ್ಲ.

ಆಮೇಲೆ ಕಲಿಕೆಯ ಅಸೆಸ್‌ಮೆಂಟ್, ಅಂದರೆ ಮಗು ಹೇಗೆ ಕಲಿಯುತ್ತದೆ, ಎಲ್ಲಿ ಎಡವುತ್ತದೆ ಅಂತ ತಜ್ಞರು ಮಾಡುವ ಪರೀಕ್ಷೆ. ಶಾಲೆಯೇ ಮಾಡಿಸುವ ವ್ಯವಸ್ಥೆ ಇರುವ ಕಡೆ ಕೇಳುವುದನ್ನು ಬಾಯಿಮಾತಲ್ಲಿ ಬಿಡಬೇಡಿ. ನಾಲ್ಕು ಸಾಲಿನ ಪತ್ರ ಸಾಕು: ಮಗುವಿನ ಹೆಸರು, ತರಗತಿ, ನೀವು ಗಮನಿಸಿದ ಎರಡು-ಮೂರು ವಿಷಯ, "ಓದು, ಬರಹ, ಮಾತು ಮತ್ತು ಗಮನ ಈ ನಾಲ್ಕರಲ್ಲೂ ಪೂರ್ತಿ ಅಸೆಸ್‌ಮೆಂಟ್ ಮಾಡಿಸಬೇಕೆಂದು ಕೋರುತ್ತೇನೆ" ಅನ್ನುವ ವಾಕ್ಯ, ದಿನಾಂಕ. ಎಷ್ಟೋ ಕಡೆ ಕಾನೂನಿನ ಗಡುವು ಬರಹದಿಂದಲೇ ಶುರುವಾಗುತ್ತದೆ.

ರಿಪೋರ್ಟ್ ಕೈಗೆ ಬಂದಾಗ ತುಂಬ ಜನ ಎಡವುವುದು ಪರ್ಸೆಂಟೈಲ್ ಅನ್ನುವ ಪದದಲ್ಲಿ. 16ನೇ ಪರ್ಸೆಂಟೈಲ್ ಅಂದರೆ ನೂರಕ್ಕೆ 16 ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 16 ಮಕ್ಕಳು ನಿಮ್ಮ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಮಾಡಿದ್ದಾರೆ, ಉಳಿದವರು ಜಾಸ್ತಿ ಮಾಡಿದ್ದಾರೆ ಅಂತ ಅರ್ಥ. ಬುದ್ಧಿಮತ್ತೆಯ ಹೆಚ್ಚಿನ ಪರೀಕ್ಷೆಗಳಲ್ಲಿ ಸರಾಸರಿ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ.

ಒಟ್ಟು ಅಂಕ ನೋಡಿ ಸಮಾಧಾನವನ್ನೂ ಪಟ್ಟುಕೊಳ್ಳಬೇಡಿ, ಗಾಬರಿಯೂ ಆಗಬೇಡಿ. ಒಳಗಿನ ಬಿಡಿ ಅಂಕಗಳನ್ನು ನೋಡಿ. ಮಾತಿನ ತಿಳಿವಳಿಕೆ 115, ಕೆಲಸದ ವೇಗ 75 ಇರುವ ಮಗುವಿನ ಒಟ್ಟು ಅಂಕ ಸರಾಸರಿಗೆ ಹತ್ತಿರವೇ ಕಾಣಿಸಬಹುದು. ಆದರೆ ಆ ಮಗುವಿಗೆ ತರಗತಿಯಲ್ಲಿ ಪ್ರತಿದಿನವೂ ಕಷ್ಟ. ಪಾಠವೆಲ್ಲ ಅರ್ಥವಾಗಿರುತ್ತದೆ, ಹೊತ್ತು ಮಾತ್ರ ಸಾಲುವುದಿಲ್ಲ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಅಂತಲೂ ಕೇಳಿ. ಮನೆಯಲ್ಲಿ ಆಡದ ಭಾಷೆಯಲ್ಲಿ ಮಾತಿನ ಪರೀಕ್ಷೆ ಮಾಡಿದ್ದರೆ ಬಂದ ಅಂಕ ಏನನ್ನು ಅಳೆದಿದೆ ಅನ್ನುವುದೇ ಅನುಮಾನ.

ರಿಪೋರ್ಟ್ ಕೊಟ್ಟವರನ್ನು ಬಿಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ಇದನ್ನು ಓದಿದ ಟೀಚರ್ ಸೋಮವಾರ ಬೆಳಿಗ್ಗೆ ಏನು ಬೇರೆ ಥರ ಮಾಡಬೇಕು?" ಉತ್ತರ ಸಿಕ್ಕರೆ ಅದನ್ನೇ ಶಿಫಾರಸಿನಲ್ಲಿ ಬರೆದುಕೊಡಲು ಹೇಳಿ. "ವೈಯಕ್ತಿಕ ಗಮನ ಅಗತ್ಯ" ಅಂತಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. "ಮುಂದಿನ ಸಾಲಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ" ಅಂತ ಬರೆದರೆ ಶಾಲೆಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

3. ಕಾನೂನಿನಲ್ಲಿ ನಿಮಗೆ ಬೇಕಾದಷ್ಟು

ಇಡೀ ಕಾಯ್ದೆ ಓದಬೇಕಿಲ್ಲ. ನೀವಿರುವ ದೇಶದಲ್ಲಿ ಯಾರಿಗೆ ಹಕ್ಕಿದೆ, ಎಷ್ಟು ದಿನದೊಳಗೆ, ಆಗದಿದ್ದರೆ ಯಾರ ಹತ್ತಿರ ಹೋಗಬೇಕು, ಈ ಮೂರು ಗೊತ್ತಿದ್ದರೆ ಸಾಕು. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಎಲ್ಲ ಮಕ್ಕಳ ಜತೆ ಸೇರಿ ಕಲಿಯುವುದು ಹಕ್ಕು ಅನ್ನುತ್ತದೆ. ಅದನ್ನು ಜಾರಿಗೆ ತರುವ ದಾರಿ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು.

ಭಾರತದಲ್ಲಿ ಹಿಡಿಯಬೇಕಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಇದರಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳೂ ಸೇರಿವೆ. ಕಲಂ 16ರ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಇದರೊಳಗೇ ಬರುತ್ತದೆ. "ನಮ್ಮದು ಪ್ರೈವೇಟ್" ಅಂದರೆ ಅಲ್ಲಿಗೇ ಮುಗಿಯಲಿಲ್ಲ. ಕಲಂ 17 ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕಲಂ 31ರಲ್ಲಿದೆ. ದೂರು ಕೊಡಲು ರಾಜ್ಯ ಮಟ್ಟದಲ್ಲಿ ಅಂಗವಿಕಲರ ಆಯುಕ್ತರಿದ್ದಾರೆ.

ಅಮೆರಿಕದಲ್ಲಿರುವವರಿಗೆ ಗೊತ್ತಿರಬೇಕಾದ್ದು ಐಡಿಇಎ, ಅಂದರೆ ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣದ ಕಾಯ್ದೆ. ಅದರ ಮೂಲ 1975ರದು. ನೀವು ಒಪ್ಪಿಗೆ ಕೊಟ್ಟ ದಿನದಿಂದ 60 ದಿನದೊಳಗೆ ಅಸೆಸ್‌ಮೆಂಟ್ ಮುಗಿಯಬೇಕು. ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ. ಐಇಪಿ, ಅಂದರೆ ಮಗುವಿಗೇ ಅಂತ ಬರೆದ ಕಲಿಕಾ ಯೋಜನೆಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಶಾಲೆಯ ಅಸೆಸ್‌ಮೆಂಟ್ ನಿಮಗೆ ಒಪ್ಪಿಗೆಯಾಗದಿದ್ದರೆ ಹೊರಗಿನವರಿಂದ ಮಾಡಿಸಲು ಕೇಳಬಹುದು. ಆಗ ಶಾಲಾ ಆಡಳಿತ ಅದರ ಖರ್ಚು ಕೊಡಬೇಕು, ಇಲ್ಲವೇ ತನ್ನದೇ ಸರಿ ಅಂತ ವಿಚಾರಣೆಯಲ್ಲಿ ಸಾಧಿಸಬೇಕು. ಇಂಗ್ಲಿಷ್ ಕಷ್ಟವಾಗುವ ಅಪ್ಪ-ಅಮ್ಮನಿಗೆ ಮೀಟಿಂಗಿನಲ್ಲಿ ದುಭಾಷಿಯ ವ್ಯವಸ್ಥೆ ಮಾಡುವುದು ಶಾಲೆಯ ಕೆಲಸ. ಕೇಳಲು ಸಂಕೋಚ ಬೇಡ.

ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ಕೆಳಗೆ ಇಎಚ್‌ಸಿ ಪ್ಲಾನ್ ಇದೆ, ಅಂದರೆ ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಆರೈಕೆಗೆ ಏನು ಬೇಕು ಅಂತ ಬರೆದ ಯೋಜನೆ. ಅದು 25 ವರ್ಷದವರೆಗೂ ಮುಂದುವರಿಯಬಹುದು. ಅರ್ಜಿ ಕೊಟ್ಟ 20 ವಾರದೊಳಗೆ ಪ್ಲಾನ್ ಕೈಗೆ ಬರಬೇಕು ಅನ್ನುವುದು ನಿಯಮ. ಪ್ಲಾನ್ ಕೊಡಲ್ಲ ಅಂತ ನಿರಾಕರಿಸಿದರೆ ಟ್ರಿಬ್ಯೂನಲ್‌ಗೆ (ಇಂಥ ತಕರಾರು ಕೇಳುವ ನ್ಯಾಯಮಂಡಳಿಗೆ) ಹೋಗಬಹುದು.

4. ಗುರಿಗಳು: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಯೋಜನೆಗೆ ಏನು ಹೆಸರೇ ಇರಲಿ, ಜೀವ ಇರುವುದು ಅದರೊಳಗಿನ ಗುರಿಗಳಲ್ಲಿ. ಅಲ್ಲೇ ಹೆಚ್ಚು ನೀರು ಬೆರೆತಿರುತ್ತದೆ. "ಓದುವ ಸಾಮರ್ಥ್ಯ ಸುಧಾರಿಸುವುದು." ಇದನ್ನು ಮಾಡಿದ್ದೇವೆ ಅಂತಲೂ ಹೇಳಬಹುದು, ಮಾಡಿಲ್ಲ ಅಂತಲೂ ಹೇಳಬಹುದು. ಹೀಗಿದ್ದರೆ ಬೇರೆ ಮಾತು:

"ಈಗ ಎರಡನೇ ತರಗತಿಯ ಪಾಠವನ್ನು ನಿಮಿಷಕ್ಕೆ 20 ಪದ ಸರಿಯಾಗಿ ಓದುತ್ತಾಳೆ. ಡಿಸೆಂಬರ್ ಹೊತ್ತಿಗೆ 35 ಪದ ಓದಬೇಕು. ಸ್ಪೆಷಲ್ ಎಜುಕೇಟರ್ (ವಿಶೇಷ ಶಿಕ್ಷಕಿ) ವಾರಕ್ಕೆ 4 ಸಲ, ತಲಾ 30 ನಿಮಿಷ ಕಲಿಸುತ್ತಾರೆ. ಎರಡು ವಾರಕ್ಕೊಮ್ಮೆ ಅಳೆದು ಪೋಷಕರಿಗೆ ತಿಳಿಸುತ್ತಾರೆ."

ಈಗ ಎಲ್ಲಿದ್ದಾಳೆ, ಎಲ್ಲಿಗೆ ಹೋಗಬೇಕು, ಯಾವಾಗ, ಯಾರು ಕಲಿಸುತ್ತಾರೆ, ಎಷ್ಟು ಹೊತ್ತು, ಹೇಗೆ ಅಳೆಯುತ್ತಾರೆ. ಯೋಜನೆಯ ಒಂದೊಂದು ಸಾಲಿಗೂ ಈ ಆರು ಪ್ರಶ್ನೆ ಹಾಕಿ. ಉತ್ತರ ಸಿಗದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಮೀಟಿಂಗಿನಲ್ಲಿ ಮಾತಾಡಬೇಕಾದ್ದು ಆ ಗುರುತುಗಳ ಬಗ್ಗೆಯೇ.

ಕಳೆದ ವರ್ಷದ ಯೋಜನೆಯನ್ನು ಈ ವರ್ಷದ್ದರ ಪಕ್ಕ ಇಟ್ಟು ನೋಡಿ. ಅದೇ ಗುರಿಗಳು ದಿನಾಂಕ ಬದಲಾಗಿ ಮತ್ತೆ ಬಂದಿದ್ದರೆ ಮಗು ಮುಂದೆ ಹೋಗಿಲ್ಲ ಅಂತಾಯಿತು. ಅಮೆರಿಕದ ಕೊಲೊರಾಡೊದಲ್ಲಿ ಆಟಿಸಂ ಇದ್ದ ಎಂಡ್ರೂ ಅನ್ನುವ ಹುಡುಗನ ವಿಷಯದಲ್ಲಿ ನಡೆದದ್ದು ಇದೇ. ವರ್ಷದಿಂದ ವರ್ಷಕ್ಕೆ ಹೆಚ್ಚುಕಮ್ಮಿ ಅವೇ ಗುರಿಗಳು. ಅಪ್ಪ-ಅಮ್ಮ ಕೋರ್ಟಿಗೆ ಹೋದರು. ಮಗು ಅಷ್ಟೋ ಇಷ್ಟೋ ಕಲಿತರೆ ಸಾಲದು, ಅದರ ಪರಿಸ್ಥಿತಿಗೆ ತಕ್ಕಂತೆ ನಿಜವಾದ ಪ್ರಗತಿ ಆಗುವಂಥ ಯೋಜನೆ ಇರಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಎಲ್ಲ ನ್ಯಾಯಮೂರ್ತಿಗಳ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ತೀರ್ಪು ಬೇರೆ ದೇಶಗಳ ಶಾಲೆಗಳನ್ನು ಕಟ್ಟಿಹಾಕುವುದಿಲ್ಲ. ಹಳೇ ಗುರಿ, ಹೊಸ ಗುರಿ ಪಕ್ಕಪಕ್ಕ ಇಟ್ಟು ತೋರಿಸುವ ಕೆಲಸವನ್ನು ಮಾತ್ರ ಎಲ್ಲಿ ಬೇಕಾದರೂ ಮಾಡಬಹುದು.

ಇನ್ನೊಂದು ವಿಷಯದಲ್ಲಿ ನನಗೆ ಸ್ವಲ್ಪ ಹಟವೇ ಇದೆ. ಅದೇ ಪಾಠವನ್ನು ಕಲಿಯುವ ದಾರಿ ಬದಲಾಯಿಸುವುದು ಒಂದು, ಪಾಠವನ್ನೇ ಕಡಿಮೆ ಮಾಡುವುದು ಇನ್ನೊಂದು. ದೊಡ್ಡ ಅಕ್ಷರದ ಪುಸ್ತಕ, ಕೇಳಿಸಿಕೊಳ್ಳುವ ಪಾಠ, ಟೈಪ್ ಮಾಡುವುದು, ಹೆಚ್ಚು ಸಮಯ, ಇವೆಲ್ಲ ಮೊದಲನೆಯದು. "ಗಣಿತ ಬೇಡ, ಬಣ್ಣ ಹಚ್ಚಲಿ" ಅನ್ನುವುದು ಎರಡನೆಯದು. ಎರಡನೆಯದು ಬೇಕಾಗುವ ಮಕ್ಕಳಿದ್ದಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ದಾರಿ ಬದಲಾಯಿಸಿ ನೋಡದೆಯೇ ಪಾಠ ಕತ್ತರಿಸಲು ಒಪ್ಪಬೇಡಿ. ಕತ್ತರಿಸಿದ್ದನ್ನು ಎರಡು ವರ್ಷದ ಮೇಲೆ ಮತ್ತೆ ಸೇರಿಸುವುದು ತುಂಬಾ ಕಷ್ಟ.

5. ಮೀಟಿಂಗ್

ಒಂದು ಹಾಳೆ ತಯಾರು ಮಾಡಿ, ಒಂದೇ. ಮೇಲೆ ಮಗುವಿನ ಬಗ್ಗೆ ಮೂರು ಸಾಲು, ಕೆಳಗೆ ಮೂರು ಬೇಡಿಕೆ. ಎಷ್ಟು ಜನ ಬರುತ್ತಾರೋ ಅಷ್ಟು ಪ್ರತಿ ತೆಗೆಸಿ. ನಿರ್ಧಾರ ತಗೊಳ್ಳುವ ಅಧಿಕಾರ ಇರುವವರು ಬರುತ್ತಾರಾ ಅಂತ ಮುಂಚೆಯೇ ಕೇಳಿಕೊಳ್ಳಿ. ಇಲ್ಲದಿದ್ದರೆ "ಮೇಲಿನವರನ್ನ ಕೇಳಿ ಹೇಳ್ತೀವಿ" ಅನ್ನುವಲ್ಲಿಗೆ ಎಲ್ಲ ಮುಗಿಯುತ್ತದೆ.

ಒಬ್ಬರೇ ಹೋಗಬೇಡಿ. ಅತ್ತಿಗೆಯೋ, ಗೆಳತಿಯೋ, ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ಅಮ್ಮನೋ, ಯಾರಾದರೂ ಇರಲಿ. ಅವರು ಮಾತಾಡಬೇಕಾಗಿಲ್ಲ, ಯಾರು ಏನು ಹೇಳಿದರು ಅಂತ ಬರೆದುಕೊಂಡರೆ ಸಾಕು. ಮಗುವಿನ ಬಗ್ಗೆ ಮಾತಾಡುವಾಗ ಕಣ್ಣು ತುಂಬಿ ಬರುವುದು ಸಹಜ. ಆಗ ಬರೆದುಕೊಳ್ಳಲು ಬೇರೆಯವರ ಕೈ ಬೇಕು.

ಮಾತು ಹೇಗೆ ಹೋಗಬಹುದು ಅನ್ನುವುದಕ್ಕೆ ಒಂದು ಮಾದರಿ:

"ಎಲ್ಲಾ ಮಕ್ಕಳಿಗೂ ಒಂದೇ ರೂಲ್ ಅಮ್ಮ. ನಿಮ್ಮ ಮಗನಿಗೆ ಮಾತ್ರ ಹೆಚ್ಚು ಟೈಮ್ ಕೊಟ್ರೆ ಬೇರೆಯವರು ಕೇಳ್ತಾರೆ."

"ಅರ್ಥ ಆಗುತ್ತೆ ಸರ್. ರಿಪೋರ್ಟ್‌ನಲ್ಲಿ ಬರೆಯೋ ವೇಗ ತುಂಬಾ ಕಡಿಮೆ ಅಂತ ಇದೆ, ಮೂರನೇ ಪುಟ. ಬೇರೆಯವರಿಗೂ ಅದೇ ತೊಂದರೆ ಇದ್ರೆ ಅವರಿಗೂ ಕೊಡಬೇಕಾಗುತ್ತೆ, ಅಲ್ವಾ?"

"ಅಷ್ಟೊಂದು ಸ್ಟಾಫ್ ಇಲ್ಲ ನಮ್ಮಲ್ಲಿ."

"ಹಾಗಾದ್ರೆ ಕಿರುಪರೀಕ್ಷೆಗಳಿಂದ ಶುರು ಮಾಡೋಣ. ಆರು ವಾರ ನೋಡೋಣ. ಯಾವತ್ತಿಂದ ಅಂತ ಇವತ್ತೇ ಬರ್ಕೊಳ್ಳೋಣ್ವಾ ಸರ್?"

ಆ ಅಮ್ಮ ಮಾಡಿದ್ದು ಇಷ್ಟು. ಮಾತನ್ನು ರಿಪೋರ್ಟಿನ ಪುಟಕ್ಕೆ ತಂದರು, ಬೇಡಿಕೆಯನ್ನು ಸಣ್ಣದು ಮಾಡಿ ದಿನಾಂಕ ಕೇಳಿದರು. "ಆರು ವಾರ ನೋಡೋಣ" ಅನ್ನುವುದಕ್ಕೆ ಬೇಡ ಅನ್ನುವುದು ಯಾರಿಗೂ ಸುಲಭವಲ್ಲ. ಅಷ್ಟರಲ್ಲಿ ಉಪಯೋಗ ಆಗಿದೆಯೋ ಇಲ್ಲವೋ ಅನ್ನುವುದಕ್ಕೆ ಉತ್ತರಪತ್ರಿಕೆಗಳೇ ಸಾಕ್ಷಿಯಾಗುತ್ತವೆ.

ಯಾವ ಕಾಗದಕ್ಕೂ ಅಲ್ಲೇ ಸಹಿ ಹಾಕಬೇಡಿ. "ಮನೆಗೆ ತಗೊಂಡು ಹೋಗಿ ಓದಿ ಕೊಡ್ತೀನಿ" ಅನ್ನಿ. ಹಾಜರಾತಿಗೆ ಸಹಿ ಕೇಳಿದರೆ "ಹಾಜರಿ ಮಾತ್ರ" ಅಂತ ಪಕ್ಕದಲ್ಲಿ ಬರೆಯಿರಿ.

ಎದುರಿಗೆ ಕೂತಿರುವ ಕ್ಲಾಸ್ ಟೀಚರ್ ಸಾಮಾನ್ಯವಾಗಿ ನಿಮ್ಮ ಎದುರಾಳಿ ಅಲ್ಲ. ನಲವತ್ತು ಮಕ್ಕಳು, ಮುಗಿಸಬೇಕಾದ ಪಠ್ಯ, ಹೇಳಿಕೊಡುವವರಿಲ್ಲ, ಅವರ ಕಷ್ಟ ಅವರಿಗೆ. ಅವರ ಕೆಲಸ ಹಗುರ ಮಾಡುವಂಥ ಬೇಡಿಕೆ ಇಟ್ಟರೆ ಬೇಗ ಒಪ್ಪುತ್ತಾರೆ. ಹೋಮ್‌ವರ್ಕನ್ನು ಬೋರ್ಡಿನ ಫೋಟೊ ತೆಗೆದು ಕಳಿಸಲು ಕೇಳುವುದು, ದಿನಾ ಡೈರಿಯಲ್ಲಿ ಪುಟ ಬರೆಯಲು ಕೇಳುವುದಕ್ಕಿಂತ ಒಳ್ಳೆಯದು. ಅವರು ಮಾಡಿದ ಒಳ್ಳೆ ಕೆಲಸವನ್ನು ಮುಖ್ಯೋಪಾಧ್ಯಾಯರಿಗೆ ಕಾಣುವ ಹಾಗೆ ಎರಡು ಸಾಲು ಬರೆಯಿರಿ.

6. ಅದೇ ದಿನ ಒಂದು ಮೇಲ್

ಮೀಟಿಂಗ್ ಮುಗಿದ ದಿನವೇ ಇದನ್ನು ಕಳಿಸಿ:

"ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನಾನು ಅರ್ಥ ಮಾಡಿಕೊಂಡಿದ್ದು ಹೀಗಿದೆ: ಸೋಮವಾರದಿಂದ ಕಿರುಪರೀಕ್ಷೆಗಳಲ್ಲಿ 15 ನಿಮಿಷ ಹೆಚ್ಚು ಸಮಯ. ಮುಂದಿನ ಸಾಲಿನಲ್ಲಿ ಜಾಗ. ಸ್ಪೆಷಲ್ ಎಜುಕೇಟರ್ ಬಗ್ಗೆ ಈ ತಿಂಗಳ ಕೊನೆಯೊಳಗೆ ತಿಳಿಸುತ್ತೀರಿ. ಏನಾದರೂ ತಪ್ಪಿದ್ದರೆ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ."

ಇದರಲ್ಲಿ ದೂರಿಲ್ಲ, ಕೋಪವಿಲ್ಲ. ಆದರೆ ಆರು ತಿಂಗಳಾದ ಮೇಲೆ ಟೀಚರ್ ಬದಲಾಗಿ, ಪ್ರಿನ್ಸಿಪಾಲ್ ಬದಲಾಗಿ, "ಹಾಗೆ ಯಾರು ಹೇಳಿದ್ರು?" ಅನ್ನುವ ಪ್ರಶ್ನೆ ಬಂದಾಗ ನಿಮ್ಮ ಹತ್ತಿರ ಇರುವುದು ಈ ಮೇಲ್ ಮಾತ್ರ. ಮೇಲ್ ನೋಡದ ಶಾಲೆಯಾದರೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ಸಹಿ ಹಾಕಿಸಿಕೊಳ್ಳಿ.

7. ಇಲ್ಲ ಅಂದರೆ

ಮೊದಲ ಕೆಲಸ, "ಇಲ್ಲ" ಅನ್ನುವುದನ್ನು ಬರಹದಲ್ಲಿ ಕೇಳುವುದು. ಯಾವ ಕಾರಣಕ್ಕೆ, ಯಾವ ನಿಯಮದ ಪ್ರಕಾರ ಅಂತ. ಬಾಯಲ್ಲಿ ಸುಲಭವಾಗಿ ಹೇಳಿದ "ಆಗಲ್ಲ" ಬರೆಯುವ ಹೊತ್ತಿಗೆ "ಪರಿಶೀಲಿಸುತ್ತೇವೆ" ಆಗಿಬಿಡುವುದುಂಟು. ಅಮೆರಿಕದಲ್ಲಂತೂ ಶಾಲೆ ನಿಮ್ಮ ಬೇಡಿಕೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಲೇಬೇಕು ಅಂತ ಕಾನೂನೇ ಇದೆ. ಭಾರತದ ಸರ್ಕಾರಿ ಶಾಲೆ ಅಥವಾ ಇಲಾಖೆಯಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನದಲ್ಲಿ ಉತ್ತರ ಬರಬೇಕು.

ಆಮೇಲೆ ಒಂದೊಂದೇ ಮೆಟ್ಟಿಲು: ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿ, ಶಿಕ್ಷಣ ಇಲಾಖೆ, ಕೊನೆಗೆ ಆಯುಕ್ತರು ಅಥವಾ ಟ್ರಿಬ್ಯೂನಲ್. ಮೆಟ್ಟಿಲು ಹಾರಿದರೆ "ನಮ್ಮನ್ನೇ ಕೇಳಲಿಲ್ಲ" ಅನ್ನುವ ಮಾತಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ದೂರು ಎರಡು ಪುಟ ದಾಟದಿರಲಿ. ನಡೆದದ್ದನ್ನು ದಿನಾಂಕದ ಸಮೇತ ಬರೆಯಿರಿ, ದಾಖಲೆ ಲಗತ್ತಿಸಿ. ಏನು ಆಗಬೇಕು ಅನ್ನುವುದು ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿರಲಿ. ಯಾರ ಸ್ವಭಾವದ ಬಗ್ಗೆಯೂ ಒಂದು ಪದ ಬೇಡ.

ಬೋರ್ಡ್ ಪರೀಕ್ಷೆಯ ವಿನಾಯಿತಿಗೆ ಮಾತ್ರ ಈ ನಿಧಾನ ನಡೆಯುವುದಿಲ್ಲ. ಪ್ರಮಾಣಪತ್ರ, ಶಾಲೆಯ ಶಿಫಾರಸು, ಅರ್ಜಿ, ಎಲ್ಲದಕ್ಕೂ ಹೊತ್ತು ಹಿಡಿಯುತ್ತದೆ. ಒಂದು ವರ್ಷ ಮುಂಚೆಯೇ ಶುರು ಮಾಡಿ.

8. ಮಗುವನ್ನು ಕೇಳಿದಿರಾ?

ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡುತ್ತೇವೆ, ಮಗುವನ್ನೇ ಕೇಳುವುದಿಲ್ಲ. ಶ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಪಕ್ಕ ಕೂತು ನೆರವಾಗುವವರು) ಬೇಕು ಅಂತ ಅಪ್ಪ-ಅಮ್ಮ ಕಷ್ಟಪಟ್ಟು ಒಪ್ಪಿಸಿರುತ್ತಾರೆ. ಪಕ್ಕದಲ್ಲಿ ಸದಾ ಒಬ್ಬ ದೊಡ್ಡವರು ಕೂತಿದ್ದರೆ ಯಾರೂ ಮಾತಾಡಿಸಲ್ಲ ಅನ್ನುವುದು ಮಗುವಿನ ಕಷ್ಟ. ಯಾವ ಪೀರಿಯಡ್ ಇಷ್ಟ, ಯಾವಾಗ ಹೊಟ್ಟೆ ನೋವು ಬರುತ್ತದೆ, ಯಾರು ಸಹಾಯ ಮಾಡಿದರೆ ಚೆನ್ನ ಅಂತ ಕೇಳಿ. ಮಾತಾಡದ ಮಗುವಾದರೆ ಚಿತ್ರ ತೋರಿಸಿ ಆರಿಸಲು ಹೇಳಿ. ಹತ್ತು-ಹನ್ನೆರಡು ವರ್ಷವಾದ ಮೇಲೆ ಮೀಟಿಂಗಿಗೆ ಹತ್ತು ನಿಮಿಷ ಕರೆದುಕೊಂಡು ಹೋಗಿ. "ನಂಗೆ ಓದಿ ಹೇಳಿದ್ರೆ ಅರ್ಥ ಆಗುತ್ತೆ" ಅಂತ ಮಗುವೇ ಹೇಳಿದರೆ ನಿಮ್ಮ ಫೈಲಿಗಿಂತ ಅದಕ್ಕೇ ತೂಕ ಜಾಸ್ತಿ.

9. ಬೇರೆ ಅಪ್ಪ-ಅಮ್ಮಂದಿರ ಜತೆ

ಒಬ್ಬರು ಸ್ಪೆಷಲ್ ಎಜುಕೇಟರ್ ಕೇಳಿದರೆ "ಒಂದು ಮಗುವಿಗೋಸ್ಕರ ಹೇಗೆ?" ಅನ್ನುತ್ತಾರೆ. ಐದು ಮನೆಯವರು ಒಂದೇ ಪತ್ರಕ್ಕೆ ಸಹಿ ಹಾಕಿದರೆ ಆ ಮಾತು ಬರುವುದಿಲ್ಲ. 1971ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬುದ್ಧಿಮಾಂದ್ಯ ಮಕ್ಕಳ ಪೋಷಕರ ಸಂಘವೊಂದು ರಾಜ್ಯದ ಮೇಲೇ ಕೇಸು ಹಾಕಿತು. ಆಗ "ಕಲಿಯಲಾರರು" ಅಂತ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಅಲ್ಲಿಯ ಕಾನೂನೇ ಅವಕಾಶ ಕೊಟ್ಟಿತ್ತು. ಆ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ರಾಜ್ಯ ಒಪ್ಪಬೇಕಾಯಿತು. ಐಡಿಇಎಯ ಮೂಲವಾದ 1975ರ ಕಾಯ್ದೆಗೆ ದಾರಿ ಮಾಡಿದ ಪ್ರಕರಣಗಳಲ್ಲಿ ಇದೂ ಒಂದು.

ನೀವು ಕೋರ್ಟಿಗೇ ಹೋಗಬೇಕು ಅಂತಿಲ್ಲ. ಥೆರಪಿ ಸೆಂಟರಿನ ಬೆಂಚಿನಲ್ಲಿ ಪಕ್ಕ ಕೂತವರನ್ನು "ನಿಮ್ಮ ಶಾಲೆಯಲ್ಲಿ ಹೇಗೆ ಮಾಡ್ತಾರೆ?" ಅಂತ ಕೇಳುವುದರಿಂದ ಶುರು ಮಾಡಿ. ಎಲ್ಲರಿಗೂ ಬೇಕಾದ ಒಂದೇ ವಿಷಯ ಆರಿಸಿಕೊಳ್ಳಿ: ಇಳಿಜಾರು ದಾರಿ, ಒಂದು ರಿಸೋರ್ಸ್ ರೂಮ್ (ವಿಶೇಷ ನೆರವಿನ ಪಾಠಕ್ಕೆ ಬೇರೆ ಕೋಣೆ), ಅಥವಾ ಶಿಕ್ಷಕರಿಗೆ ಒಂದು ದಿನದ ತರಬೇತಿ. ಜಂಟಿ ಪತ್ರದಲ್ಲಿ ಯಾವ ಮಗುವಿಗೆ ಏನು ತೊಂದರೆ ಅಂತ ಬರೆಯಬೇಡಿ, ತರಗತಿ ಮತ್ತು ಬೇಕಾದ ಅನುಕೂಲ ಮಾತ್ರ ಇರಲಿ. ವಾಟ್ಸಾಪ್ ಗ್ರೂಪ್ ಮಾಡಿದರೆ ಮಕ್ಕಳ ರಿಪೋರ್ಟಿನ ಫೋಟೊ ಹಾಕಬಾರದು ಅಂತ ಮೊದಲ ದಿನವೇ ಹೇಳಿಬಿಡಿ. ಒಮ್ಮೆ ಫಾರ್ವರ್ಡ್ ಆದದ್ದನ್ನು ವಾಪಸ್ ತರಲು ಆಗುವುದಿಲ್ಲ. ನಾಳೆ ಆ ಮಗು ದೊಡ್ಡದಾದ ಮೇಲೆ, ತನ್ನ ಬಗ್ಗೆ ಯಾರಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಅದೇ ತೀರ್ಮಾನಿಸಬೇಕು.